ಹಳೆ ಸಿಮೆಂಟ್ ಶೀಟ್ ಇಳಿಸಿ ಹೊಸದು ಹಾಕುವವರು: ತುಮಕೂರಿನ ಒಂದು ಅಂಗಡಿಯ ಕೆಲಸ

ಕ್ಯಾತ್ಸಂದ್ರದ ನಮ್ಮ ಮನೆಯ ಹಿಂಭಾಗಕ್ಕೆ ಹಳೇ ಆಸ್ಬೆಸ್ಟಾಸ್ ಶೀಟ್ ಇತ್ತು, ಅಂದರೆ ಕಲ್ನಾರಿನ ಎಳೆ ಬೆರೆಸಿದ ಸಿಮೆಂಟ್ ಶೀಟ್. ಅದನ್ನು ತೆಗೆಸಿ ಬಣ್ಣದ ತಗಡಿನ ಶೀಟ್ ಹಾಕಿಸಿದೆ. ಮಾಡಿದವರು ಶಿರಾ ಗೇಟ್ ಕಡೆಯ ಒಂದು ಫ್ಯಾಬ್ರಿಕೇಷನ್ ಅಂಗಡಿಯವರು. ಹೆಸರು ಬರೆಯುವುದಿಲ್ಲ. ಇವರಲ್ಲಿ ಕಂಡ ಕೊರತೆ ನಾನು ವಿಚಾರಿಸಿದ ಉಳಿದ ಅಂಗಡಿಗಳಲ್ಲೂ ಇತ್ತು, ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ.

ಹೊಸ ಚಾವಣಿ ಚೆನ್ನಾಗಿದೆ. ಪ್ರತಿ ಸ್ಕ್ರೂಗೂ ರಬ್ಬರ್ ವಾಷರ್ ಹಾಕಿದ್ದಾರೆ, ಮೊದಲ ಮಳೆಗೆ ಒಂದು ಹನಿಯೂ ಸೋರಲಿಲ್ಲ. ಮಳೆ ಸದ್ದು ಮಾತ್ರ ಜಾಸ್ತಿ, ಮಧ್ಯಾಹ್ನದ ಕಾವೂ ಜಾಸ್ತಿ. ಅಷ್ಟೇ. ನಾನು ಹೇಳಬೇಕಾಗಿರುವುದು ಹಳೆಯದನ್ನು ಇಳಿಸಿದ ರೀತಿಯ ಬಗ್ಗೆ.

ನಮ್ಮಪ್ಪ ಶೀಟ್ ಫ್ಯಾಕ್ಟರಿಯಲ್ಲಿ ಇದ್ದವರು. ಕಲ್ನಾರಿನ ಚೀಲ ಬಿಚ್ಚಿ ಮಿಕ್ಸರ್‌ಗೆ ಸುರಿಯುವ ಕೆಲಸ. ಬಟ್ಟೆ ಬದಲಾಯಿಸಲು ಅಲ್ಲಿ ಜಾಗವೇ ಇರಲಿಲ್ಲ, ಶಿಫ್ಟ್ ಮುಗಿದರೆ ಹಾಗೆಯೇ ಮನೆಗೆ. ಆ ಅಂಗಿಯನ್ನು ಅಮ್ಮ ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದರು. ಅಪ್ಪನಿಗೆ ಬಂದಿದ್ದು ಆಸ್ಬೆಸ್ಟೋಸಿಸ್, ಕಲ್ನಾರಿನ ಧೂಳು ಉಸಿರಿನ ಜೊತೆ ಒಳಗೆ ಹೋಗಿ ಬರುವ ಕಾಯಿಲೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗಿ, ಕೊನೆಗೆ ನಾಲ್ಕು ಮೆಟ್ಟಿಲು ಹತ್ತಲಾರದೆ ಹೋದರು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅಮ್ಮನಿಗೆ ಪಕ್ಕೆ ನೋವು ಶುರುವಾಯಿತು. ಎದೆಯಲ್ಲಿ ನೀರು ತುಂಬುವುದು, ತೆಗೆಸುವುದು, ಮತ್ತೆ ತುಂಬುವುದು. ಪರೀಕ್ಷೆಯಲ್ಲಿ ಮೆಸೋಥೆಲಿಯೋಮಾ ಎಂದು ಬಂತು. ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್ ಅದು. "ನಿಮ್ಮ ಯಜಮಾನರು ಏನು ಕೆಲಸ ಮಾಡ್ತಿದ್ರಮ್ಮಾ?" ಎಂದು ಡಾಕ್ಟರ್ ಕೇಳಿದಾಗಲೇ, ಅಪ್ಪನ ಅಂಗಿಯ ಧೂಳೇ ಕಾರಣ ಎಂದು ನಮಗೆಲ್ಲ ಗೊತ್ತಾಗಿದ್ದು.

ಇದು ಹೊಸ ವಿಷಯ ಅಲ್ಲವೇ ಅಲ್ಲ. ಲಂಡನ್‌ನಲ್ಲಿ ಇದೇ ಕ್ಯಾನ್ಸರ್‌ನ 76 ರೋಗಿಗಳನ್ನು ಪರಿಶೀಲಿಸಿ 1965ರಲ್ಲೇ ವರದಿ ಬರೆದಿದ್ದಾರೆ. ಅವರಲ್ಲಿ 9 ಜನ ಸ್ವತಃ ಕಲ್ನಾರಿನ ಕೆಲಸ ಮಾಡಿದವರಲ್ಲ, ಮಾಡುವವರ ಜೊತೆ ಒಂದೇ ಮನೆಯಲ್ಲಿ ಇದ್ದವರು. ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು: ಕಲ್ನಾರಿನ ಕೆಲಸ ಮಾಡುವ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಅಪ್ಪನ ದಾಖಲೆ ಕೇಳಿಕೊಂಡು ಅಲೆದಿದ್ದೇ ಬಂತು, ಒಂದು ಹಾಳೆ ಸಿಗಲಿಲ್ಲ. ಅಮ್ಮನ ವಿಷಯ ಕೇಳಲು ಬಾಗಿಲೇ ಇರಲಿಲ್ಲ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿ ಇರಬೇಕು, ಹೇಳಿ? ಗುಬ್ಬಿ ಹತ್ತಿರದ ತೆಂಗಿನ ತೋಟ ಅಮ್ಮನ ಔಷಧಿಗೆ ಹೋಯಿತು. ತಮ್ಮ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ.

ಅದಕ್ಕೇ ಅಂಗಡಿಯವರಿಗೆ ಮೊದಲೇ ಹೇಳಿದ್ದೆ: ನೀರು ಹೊಡೆದು ಒದ್ದೆ ಮಾಡಿಯೇ ಬಿಚ್ಚಬೇಕು, ಗ್ರೈಂಡರ್ ಮುಟ್ಟಬಾರದು, ಶೀಟ್ ಎಸೆಯಬಾರದು. ಇದನ್ನು ಪೂರ್ತಿ ಪಾಲಿಸಿದರು, ಮೆಚ್ಚಬೇಕು. ಶೀಟನ್ನು ಬಿಗಿದಿಟ್ಟಿದ್ದ, ತುಕ್ಕು ಹಿಡಿದ ಜೆ ಹುಕ್‌ಗಳನ್ನು ತಾಳ್ಮೆಯಿಂದ ಬಿಚ್ಚಿದರು. ಹಲಗೆ ಹಾಸಿಕೊಂಡೇ ಓಡಾಡಿದರು. ಹಳೇ ಶೀಟ್ ಮೇಲೆ ನೇರವಾಗಿ ಕಾಲಿಟ್ಟು ಬಿದ್ದವರು ಎಷ್ಟು ಜನ ಇದ್ದಾರೆ ಅಲ್ವಾ.

ಆದರೆ ಹುಡುಗರ ಮುಖಕ್ಕೆ ಇದ್ದದ್ದು ಟವಲ್. ಈ ಎಳೆಗಳು ಕಣ್ಣಿಗೂ ಕಾಣದಷ್ಟು ಸಣ್ಣ, ಟವಲ್ ಏನು ತಡೆಯುತ್ತದೆ? ಕೆಲಸ ಮುಗಿದ ಮೇಲೆ ಒಬ್ಬ ಒಣ ಪೊರಕೆ ಹಿಡಿದ. ನಿಲ್ಲಿಸಿ ಒದ್ದೆ ಬಟ್ಟೆ ಕೊಟ್ಟೆ. ಅದೇ ಅಂಗಿಯಲ್ಲಿ ಬೈಕ್ ಹತ್ತಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ಇಲ್ಲೇ ಸ್ನಾನ ಮಾಡಿ, ತಮ್ಮನ ಬಟ್ಟೆ ಹಾಕಿಕೊಂಡು ಹೋಗಿ ಎಂದೆ. ನಾಚಿಕೊಂಡೇ ಒಪ್ಪಿದರು. ಒಬ್ಬನಿಗೆ ಮನೆಯಲ್ಲಿ ಕೈಕೂಸಿದೆ. ಮಾಲೀಕರು, "ಇಷ್ಟು ವರ್ಷದಿಂದ ಮಾಡ್ತಿದೀವಿ ಅಕ್ಕಾ, ಏನೂ ಆಗಿಲ್ಲ" ಎಂದರು. ಒಳಗೆ ಹೋದ ಎಳೆ ಕಾಯಿಲೆಯಾಗಿ ಕಾಣಿಸಿಕೊಳ್ಳಲು 20, 30, 40 ವರ್ಷ ಹಿಡಿಯುತ್ತದೆ. ಅವರಿಗೂ ಇದನ್ನೇ ಹೇಳಿದೆ. ಸುಮ್ಮನಾದರು.

ಇನ್ನೊಂದು ಬೇಸರ ಹಳೇ ಶೀಟಿನದು. ಯಾರದಾದರೂ ದನದ ಕೊಟ್ಟಿಗೆಗೆ ಕೊಟ್ಟು, ಚೂರುಗಳನ್ನು ಗುಂಡಿಗೆ ತುಂಬುತ್ತೇವೆ ಎಂದರು. ನಾನು ಬಿಡಲಿಲ್ಲ. ಒದ್ದೆಯಿದ್ದಾಗಲೇ ಎರಡು ಪದರ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಸಿ ಇಟ್ಟಿದ್ದೇನೆ. ಅಪಾಯಕಾರಿ ತ್ಯಾಜ್ಯ ಹೂಳುವ ಕೇಂದ್ರ ದಾಬಸ್‌ಪೇಟೆಯಲ್ಲಿದೆ, ನಮ್ಮ ಹೆದ್ದಾರಿಯಲ್ಲೇ. ಆದರೂ ಅಲ್ಲಿಗೆ ಸಾಗಿಸುವ ಖರ್ಚನ್ನು ಯಾವ ಅಂಗಡಿಯೂ ಕೊಟೇಷನ್‌ನಲ್ಲಿ ಬರೆಯುವುದಿಲ್ಲ.

ಐದಕ್ಕೆ ಮೂರು ಸ್ಟಾರ್. ಪಕ್ಕದ ರೂಮಿನ ಚಾವಣಿಗೂ ಇವರನ್ನೇ ಕರೆಯುತ್ತೇನೆ. ಹುಡುಗರಿಗೆ ಸರಿಯಾದ ಮಾಸ್ಕ್, ಬಿಸಾಡುವ ಮೇಲಂಗಿ ಮತ್ತು ಸಾಗಣೆ, ಇವು ಮೂರೂ ಕೊಟೇಷನ್‌ನಲ್ಲೇ ಇರಬೇಕು ಎಂದಿದ್ದೇನೆ. ಅದಕ್ಕೆ ಎಷ್ಟಾದರೂ ಕೊಡುತ್ತೇನೆ ಎಂದೂ ಹೇಳಿದ್ದೇನೆ.