ಮಚ್ಚೆ ತೆಗೆಸಲು ಲೇಸರೋ, ಆರ್‌ಎಫೋ, ಬ್ಲೇಡೋ?

ಲೇಸರ್ ಅಂದರೆ ಕಲೆಯೇ ಉಳಿಯುವುದಿಲ್ಲ ಎಂಬ ನಂಬಿಕೆ ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿವರೆಗೆ ಇದೆ. ಆದರೆ ಕಲೆ ಉಳಿಯುವುದು ಬಿಡುವುದು ಗಾಯದ ಆಳದ ಮೇಲೆ ನಿಂತಿದೆ, ಯಂತ್ರದ ಮೇಲಲ್ಲ.

ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10,600 ನ್ಯಾನೋಮೀಟರ್ ಕಿರಣವನ್ನು ಚರ್ಮದೊಳಗಿನ ನೀರು ಹೀರಿ ಆವಿಯಾಗುತ್ತದೆ, ಮಚ್ಚೆ ಪದರ ಪದರವಾಗಿ ಸುಡುತ್ತದೆ. ಪ್ರತಿ ಸುತ್ತಿಗೂ ಕರಕನ್ನು ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಒರೆಸಿ ನೋಡಬೇಕು. ಗುಲಾಬಿ ಕಂಡರೆ ಇನ್ನೂ ಮೇಲ್ಪದರ. ಮಾಸಲು ಹಳದಿ ಬಂತೋ, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಇಳಿದರೆ ಗುಳಿ. ಬೇಗ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಗಾಯದ ನಡುವೆ ಕಪ್ಪು ಚುಕ್ಕೆ ಮತ್ತೆ ಏಳುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಎಲ್ಲ ಸುಟ್ಟ ಮೇಲೆ ಕ್ಯಾನ್ಸರ್ ಇದೆಯೇ ಎಂದು ನೋಡಲು ಲ್ಯಾಬ್‌ಗೆ ಕಳಿಸಲು ತುಣುಕೇ ಇರುವುದಿಲ್ಲ.

ಉಬ್ಬಿದ, ಮೆತ್ತಗಿನ, ಮೈಬಣ್ಣದ ಮಚ್ಚೆಗೆ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ ವಿದ್ಯುತ್ತಿನಿಂದ ಕತ್ತರಿಸುವ ಸಾಧನ) ಸಾಕು. ತಂತಿಯ ಕುಣಿಕೆಯಿಂದ ಚರ್ಮದ ಮಟ್ಟಕ್ಕೆ ಹೆರೆದ ತುಂಡು ಬಾಟಲಿಗೆ ಹೋಗುತ್ತದೆ, ಅಂಚು ಕೊಂಚ ಸುಟ್ಟಿರುತ್ತದೆ ಅಷ್ಟೆ. ಮಚ್ಚೆಯ ಕೂದಲು ಮತ್ತೆ ಬೆಳೆದರೆ ಗಾಬರಿ ಬೇಡ, ಅದರ ಬುಡ ಆಳದಲ್ಲಿದೆ.

ಬ್ಲೇಡಿನಿಂದ ಕತ್ತರಿಸಿ ಹೊಲಿದ ಗೆರೆ ಮಚ್ಚೆಯ ಅಗಲದ ಸುಮಾರು ಮೂರು ಪಟ್ಟು ಉದ್ದ. ಮುಖದ ಹೊಲಿಗೆ 5-7 ದಿನಕ್ಕೆ, ಬೆನ್ನಿನದು 10-14ಕ್ಕೆ ಬಿಚ್ಚುತ್ತಾರೆ. ಒಂದು ಬದಿ ಒಂದು ರೀತಿ, ಇನ್ನೊಂದು ಬದಿ ಇನ್ನೊಂದು ರೀತಿ ಇದ್ದರೆ, ಅಂಚು ಹರಿದಂತಿದ್ದರೆ, ಎರಡು ಮೂರು ಬಣ್ಣವಿದ್ದರೆ, 6 ಮಿಲಿಮೀಟರ್ ದಾಟಿದ್ದರೆ, ಇತ್ತೀಚೆಗೆ ಬದಲಾಗುತ್ತಿದ್ದರೆ ಕ್ಯಾನ್ಸರ್ ಶಂಕೆಯಿರುವುದರಿಂದ ಬ್ಲೇಡೊಂದೇ ದಾರಿ. ಅಂಗಾಲಿನ ಹೊಸ ಕಪ್ಪು ಮಚ್ಚೆಯನ್ನು ಲೇಸರ್‌ಗೆ ಒಡ್ಡಲೇಬಾರದು. (ಸುಣ್ಣ-ಸೋಡಾ ಹಚ್ಚಿ ಸುಡುವುದು ಈ ಹೋಲಿಕೆಗೇ ಬರುವುದಿಲ್ಲ.)

ಎದೆ, ಭುಜ, ದವಡೆಯಂಚು ಕೀಲಾಯ್ಡ್ (ಗಾಯದ ಕಲೆ ಗಂಟಾಗಿ ಬೆಳೆಯುವುದು) ಏಳುವ ಜಾಗಗಳು. ಕಿವಿ ಚುಚ್ಚಿದಲ್ಲಿ ಗಂಟು ಎದ್ದಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಲೇಸರ್, ಆರ್‌ಎಫ್ ಗಾಯಕ್ಕೆ ಆರೈಕೆ ಒಂದೇ: ದಿನಕ್ಕೆರಡು ಬಾರಿ ತೊಳೆದು, ಒತ್ತಿ ಒರೆಸಿ, ತೆಳುವಾಗಿ ವ್ಯಾಸಲೀನ್. ಒಣಗಲು ಬಿಡುವುದು ತಪ್ಪು, ಅರಿಶಿನವೂ ಬೇಡ. ಹೊಪ್ಪಳಿಕೆ 7-10 ದಿನದಲ್ಲಿ ತಾನೇ ಉದುರುತ್ತದೆ, ಕಿತ್ತರೆ ಗುಳಿ. ಉದುರಿದ ಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ. ನಮ್ಮ ಮೈಬಣ್ಣಕ್ಕೆ ಸುಟ್ಟ ಜಾಗ ಕಪ್ಪಾಗುವುದು ಬೇಗ, ಅದು ಮಾಸಲು ತಿಂಗಳುಗಟ್ಟಲೆ ಬೇಕು. ಮುಂಬೈ ಮಳೆಗಾಲದಲ್ಲಿ ಬೆವರಿಗೆ ಗಾಯದ ಪಟ್ಟಿ ನಿಲ್ಲುವುದಿಲ್ಲ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಬ್ಯಾಗಿನ ಪಟ್ಟಿ ಭುಜದ ಗಾಯವನ್ನು ಕೆರೆಯುತ್ತದೆ. ಮಚ್ಚೆ ತೆಗೆಸಲು ಡಿಸೆಂಬರ್-ಜನವರಿ ಮೇಲು. ಮೂರನೇ ದಿನದ ನಂತರ ನೋವು ಏರಿದರೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ.

ತೆಗೆದ ಜಾಗದಲ್ಲಿ ಕಪ್ಪು ಮರುಕಳಿಸಿದರೆ ಇನ್ನೊಂದು ಸುತ್ತು ಲೇಸರ್‌ಗೆ ಒಪ್ಪಬೇಡಿ. ಕತ್ತರಿಸಿ ಲ್ಯಾಬ್‌ಗೆ ಹೋಗಲಿ. ಹಿಂದೆ ಲೇಸರ್ ಆಗಿದೆಯೆಂದು ಲ್ಯಾಬ್ ಚೀಟಿಯಲ್ಲಿ ಬರೆಸಿ. ಗಾಯದ ಕಲೆಯಲ್ಲಿ ಮರಳಿ ಬೆಳೆದ ಸಾದಾ ಮಚ್ಚೆಯೂ ಸೂಕ್ಷ್ಮದರ್ಶಕದಡಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಂತೆ ಕಾಣಬಹುದು.