ಒಂದೇ ಹಗಲು, ಒಂದೇ ಬೆನ್ನುಚೀಲ: ಜ್ಯೂರಿಕ್ಕೋ ಲ್ಯೂಸರ್ನೋ?

ಸ್ವಿಟ್ಜರ್ಲೆಂಡಿನಲ್ಲಿ ಕೈಯಲ್ಲಿ ಒಂದೇ ಹಗಲು ಉಳಿದಿರುವಾಗ ಜ್ಯೂರಿಕ್ ನೋಡುವುದೋ ಲ್ಯೂಸರ್ನ್ ನೋಡುವುದೋ ಎಂಬ ಪ್ರಶ್ನೆ ಬೆನ್ನುಚೀಲ ಹೊತ್ತು ತಿರುಗುವವರಿಗೆ ಎದುರಾಗಿಯೇ ಆಗುತ್ತದೆ. ಎರಡೂ ಸರೋವರದ ತುದಿಯಲ್ಲಿ, ನೀರು ನದಿಯಾಗಿ ಹೊರಹರಿಯುವ ಜಾಗದಲ್ಲಿ ಬೆಳೆದ ಊರುಗಳು; ಒಂದರಲ್ಲಿ ಲಿಮ್ಮಾಟ್, ಇನ್ನೊಂದರಲ್ಲಿ ರಾಯ್ಸ್. ನಡುವೆ ಇರುವುದು ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಜೂನ್ ಕೊನೆಯ ಶನಿವಾರವನ್ನು ಜ್ಯೂರಿಕ್‌ಗೂ ಮರುದಿನವನ್ನು ಲ್ಯೂಸರ್ನ್‌ಗೂ ಕೊಟ್ಟು, ಎರಡು ದಿನವೂ ಒಂದೇ ಮೊತ್ತವನ್ನು ಜೇಬಿನಲ್ಲಿಟ್ಟುಕೊಂಡು ನಾನು ತಿರುಗಿದೆ. ನನ್ನ ಬಳಿ ಪ್ರವಾಸಿಗರ ರೈಲು ಪಾಸ್ ಇರಲಿಲ್ಲ; ಪಾಸ್ ಇರುವವರ ಲೆಕ್ಕ ಬೇರೆಯಾಗುತ್ತದೆ.

ಲ್ಯೂಸರ್ನ್‌ನ ಮೊದಲ ಗೆಲುವು ನಿಲ್ದಾಣದ ಬಾಗಿಲಲ್ಲೇ ಸಿಗುತ್ತದೆ. ಚೀಲವನ್ನು ಲಾಕರಿನಲ್ಲಿಟ್ಟು ಹೊರಗೆ ಬಂದರೆ ಎದುರಿಗೇ ನೀರು, ದೋಣಿಕಟ್ಟೆ, ಪಕ್ಕದಲ್ಲಿ ಜಾನ್ ನುವೆಲ್ ವಿನ್ಯಾಸಗೊಳಿಸಿದ ಸಂಗೀತ ಸಭಾಂಗಣದ ಅಗಲವಾದ ಚಾವಣಿ. ಚೌಕದ ಮಧ್ಯೆ ಒಂಟಿಯಾಗಿ ನಿಂತಿರುವ ಕಲ್ಲಿನ ಕಮಾನು 1971ರಲ್ಲಿ ಸುಟ್ಟುಹೋದ ಹಳೆಯ ನಿಲ್ದಾಣದ ಬಾಗಿಲು. ಅಲ್ಲಿಂದ ಐದು ನಿಮಿಷ ನಡೆದರೆ ಸಿಗುವ ಚಾಪೆಲ್ ಸೇತುವೆಯೂ ಬೆಂಕಿ ಕಂಡದ್ದೇ. 14ನೆಯ ಶತಮಾನದ ಈ ಮರದ ಸೇತುವೆಯ ಬಹುಭಾಗ 1993ರ ಆಗಸ್ಟಿನ ಒಂದು ರಾತ್ರಿ ಉರಿದುಹೋಯಿತು. ಮಾಡಿನ ಕೆಳಗಿದ್ದ 17ನೆಯ ಶತಮಾನದ ತ್ರಿಕೋನ ಚಿತ್ರಫಲಕಗಳಲ್ಲಿ ಹೆಚ್ಚಿನವು ನಾಶವಾದವು. ಮರುವರ್ಷವೇ ಸೇತುವೆಯನ್ನು ಮತ್ತೆ ಕಟ್ಟಿದರಾದರೂ, ಹಲವೆಡೆ ಚಿತ್ರವಿರಬೇಕಾದ ಜಾಗ ಖಾಲಿಯಾಗಿಯೇ ಇದೆ. ತುಸು ಕೆಳಗೆ ಹೊಳೆಯುದ್ದಕ್ಕೆ ಹೋದರೆ ಸ್ಪ್ರಾಯರ್ ಸೇತುವೆ. ಅದರ ಫಲಕಗಳಲ್ಲಿ ಸಾವು ರಾಜನಿಂದ ಹಿಡಿದು ರೈತನವರೆಗೆ ಎಲ್ಲರ ಕೈಹಿಡಿದು ಕುಣಿಯುತ್ತದೆ. ಅಲ್ಲಿ ಜನಸಂದಣಿ ಕಡಿಮೆ, ನೋಡಲು ಬಿಡುವು ಹೆಚ್ಚು. ನನಗೆ ಮೊದಲನೆಯದಕ್ಕಿಂತ ಇದೇ ಹಿಡಿಸಿತು.

ಊರ ಹಿಂಬದಿಯ ಮುಸೆಗ್ ಕೋಟೆಗೋಡೆಗೆ ಒಂಬತ್ತು ಬುರುಜುಗಳಿವೆ. ಬೇಸಗೆಯಲ್ಲಿ ಅವುಗಳಲ್ಲಿ ಕೆಲವನ್ನು ಹತ್ತಲು ಬಿಡುತ್ತಾರೆ, ಟಿಕೆಟ್ ಇಲ್ಲ. 1535ರ ಗಡಿಯಾರವಿರುವ ಬುರುಜಿಗೆ ಊರಿನ ಉಳಿದ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲು ಗಂಟೆ ಹೊಡೆಯುವ ಹಕ್ಕಿದೆ. ಮಧ್ಯಾಹ್ನ ಹನ್ನೆರಡಾಗುವ ಮೊದಲೇ ಅದರ ಸದ್ದು ಕೇಳಲೆಂದು ನಾನು ಅಲ್ಲಿ ಕಾದು ಕೂತಿದ್ದೆ. ಬುರುಜಿನ ಮೇಲಿನಿಂದ ಸರೋವರ, ಹೆಂಚಿನ ಮಾಡುಗಳು, ಅವುಗಳ ಹಿಂದೆ 2,128 ಮೀಟರ್ ಎತ್ತರದ ಪಿಲಾಟುಸ್ ಒಂದೇ ನೋಟಕ್ಕೆ ದೊರೆಯುತ್ತವೆ. 1792ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ ಸ್ವಿಸ್ ಕಾವಲು ಭಟರ ನೆನಪಿಗಾಗಿ ಬಂಡೆಯಲ್ಲೇ ಕೆತ್ತಿದ ಸಾಯುತ್ತಿರುವ ಸಿಂಹವೂ ಉಚಿತ. ಅಂದರೆ ಇಡೀ ದಿನ ಕಾಲ್ನಡಿಗೆಯಲ್ಲೇ ಕಳೆಯಿತು. ಪ್ರವೇಶಕ್ಕೆಂದು ಒಂದು ಫ್ರಾಂಕನ್ನೂ ಕೊಡಲಿಲ್ಲ.

ಜ್ಯೂರಿಕ್ ಹೀಗೆ ಸುಲಭವಾಗಿ ಕೈಗೆ ಸಿಗುವ ಊರಲ್ಲ. ನಿಲ್ದಾಣದಿಂದ ಸರೋವರಕ್ಕೆ ಬಾನ್‌ಹೋಫ್‌ಸ್ಟ್ರಾಸೆಯ ಉದ್ದಕ್ಕೂ, ಕೊಳ್ಳಲಾಗದ ವಾಚುಗಳ ಗಾಜಿನ ಕಪಾಟುಗಳ ಮುಂದೆ, ಇಪ್ಪತ್ತು ನಿಮಿಷ ನಡೆಯಬೇಕು. ಫ್ರೌಮ್ಯೂನ್‌ಸ್ಟರ್ ಚರ್ಚಿನಲ್ಲಿರುವ ಚಿತ್ರಕಾರ ಶಗಾಲ್‌ನ ಬಣ್ಣದ ಗಾಜಿನ ಐದು ಕಿಟಕಿಗಳಿಗೆ ಟಿಕೆಟ್ ಇದೆ. ಗ್ರೋಸ್‌ಮ್ಯೂನ್‌ಸ್ಟರಿನ ಗೋಪುರ ಹತ್ತಲೂ ಇದೆ. ಸೇಂಟ್ ಪೀಟರ್ ಚರ್ಚಿನ 8.7 ಮೀಟರ್ ಅಗಲದ ಗಡಿಯಾರವನ್ನು ಮಾತ್ರ ಬೀದಿಯಿಂದಲೇ ನೋಡಬಹುದು. ಆದರೆ ಒಂಬತ್ತು ಫ್ರಾಂಕಿನ ಆಸುಪಾಸಿನ ದಿನದ ಟಿಕೆಟ್ ಕೊಂಡ ಮೇಲೆ ಈ ಊರಿನ ಸ್ವಭಾವವೇ ಬದಲಾದಂತೆ ತೋರಿತು. ಟ್ರಾಮಿಗೆ ಕೊಂಡ ಅದೇ ಚೀಟಿಯಲ್ಲಿ, ತಗ್ಗು ಸೇತುವೆಗಳ ಕೆಳಗೆ ನುಸುಳಲೆಂದೇ ಗಿಡ್ಡವಾಗಿ ಕಟ್ಟಿದ ದೋಣಿ ಲಿಮ್ಮಾಟ್ ನದಿಯಿಂದ ಸರೋವರಕ್ಕೆ ಕರೆದೊಯ್ಯುತ್ತದೆ. ಇನ್ನಷ್ಟು ಕೊಟ್ಟರೆ ಸುಮಾರು 870 ಮೀಟರ್ ಎತ್ತರದ ಊಟ್ಲಿಬೆರ್ಗ್ ಗುಡ್ಡದ ನೆತ್ತಿಯ ಹತ್ತಿರದವರೆಗೂ ಊರಿನ ರೈಲೇ ಹೋಗುತ್ತದೆ. ಲ್ಯೂಸರ್ನ್‌ನಲ್ಲಿ ಬೆಟ್ಟದ ಆಸೆ ಹುಟ್ಟಿದರೆ ಈ ಬೆಲೆಗೆ ಆಗದು: ದೋಣಿಯಲ್ಲಿ ವಿಟ್ಸ್‌ನೌಗೆ ಹೋಗಿ, 1871ರಲ್ಲಿ ಯುರೋಪಿನ ಮೊದಲ ಬೆಟ್ಟದ ರೈಲಾಗಿ ಓಡಿದ ಹಲ್ಲುಗಾಲಿಯ ಗಾಡಿಯಲ್ಲಿ ರಿಗಿ ಹತ್ತುವುದು ಪಾಸ್ ಇಲ್ಲದವನಿಗೆ ದುಬಾರಿ. ನಾನು ಕಟ್ಟೆಯಲ್ಲಿ ನಿಂತು ದೋಣಿಯನ್ನು ಕಳಿಸಿಕೊಟ್ಟೆ.

ಊಟದ ವಿಷಯದಲ್ಲಿ ಸಸ್ಯಾಹಾರಿಯಾದ ನನಗೆ ಜ್ಯೂರಿಕ್ಕೇ ಅನುಕೂಲವಾಯಿತು. 1898ರಿಂದ ನಡೆಯುತ್ತಿರುವ ಹಿಲ್ಟ್‌ಲ್ ಎಂಬ ಸಸ್ಯಾಹಾರಿ ಹೋಟೆಲಿನಲ್ಲಿ ಭಾರತದ ಅಡುಗೆಗಳೂ ಇವೆ. ಬಡಿಸಿಕೊಂಡದ್ದನ್ನು ತೂಗಿ ಹಣ ಪಡೆಯುವುದರಿಂದ, ಅನ್ನ ಮತ್ತು ಬೇಳೆ ಸಾರಿನ ಮೇಲೆ ಪ್ರೀತಿ ಇರುವವರು ತಟ್ಟೆಯ ಮೇಲೆ ಸ್ವಲ್ಪ ನಿಗಾ ಇಡಬೇಕು. ಸೊಪ್ಪು ಹಗುರ, ಸಾರು ಭಾರ. ಲ್ಯೂಸರ್ನ್‌ನಲ್ಲಿ ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು, ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ಮಾತ್ರ ತೆರೆದಿತ್ತು. ಬ್ರೆಡ್ಡು, ಚೀಸು, ಟೊಮ್ಯಾಟೊ ಕೊಂಡು ದಂಡೆಯಲ್ಲಿ ತಿಂದೆ. ಎರಡೂ ಕಡೆ ಬೀದಿಯ ಕಾರಂಜಿಗಳ ನೀರು ಕುಡಿಯಲು ಯೋಗ್ಯ. ಜ್ಯೂರಿಕ್‌ನಲ್ಲಂತೂ ಅಂಥವು 1,200ಕ್ಕೂ ಹೆಚ್ಚು.

ಸಂದಣಿಯ ಮಾತಿಗೆ ಬಂದರೆ ಲ್ಯೂಸರ್ನ್ ಸೋಲುತ್ತದೆ. ಹತ್ತು ಗಂಟೆಯ ನಂತರ ಶ್ವಾನೆನ್‌ಪ್ಲಾಟ್ಸ್ ಚೌಕದಲ್ಲಿ ಪ್ರವಾಸಿ ಬಸ್ಸುಗಳು ಜನರನ್ನು ಇಳಿಸುತ್ತಲೇ ಇರುತ್ತವೆ. ಚಾಪೆಲ್ ಸೇತುವೆಯ ಮೇಲೆ ಫೋಟೋ ತೆಗೆಯುವ ಗುಂಪಿನಿಂದ "ಸ್ವಲ್ಪ ಈ ಕಡೆ ನಿಲ್ರೀ" ಎಂಬ ಮಾತು ಕೇಳಿ ನಾನು ತಿರುಗಿ ನೋಡಿದೆ.

ಸರೋವರದ ಊರಿಗೆ ಬಂದವನು ಸರೋವರವನ್ನು ನೋಡಿದರೆ ಸಾಕೋ, ಅದರ ನೀರಿಗೂ ಇಳಿಯಬೇಕೋ ಎಂಬುದರ ಮೇಲೆ ನನ್ನ ಆಯ್ಕೆ ನಿಂತಿದೆ. ಲ್ಯೂಸರ್ನ್‌ನಲ್ಲೂ ಉಫ್‌ಶೋಟಿ ಎಂಬ ಉಚಿತ ದಂಡೆಯಿದೆ, ಆದರೆ ಬೆಟ್ಟಗಳನ್ನು ನೋಡುತ್ತ ಅಲ್ಲಿ ಕುಳಿತವನಿಗೆ ಈಜು ನೆನಪಾಗುವುದೇ ಇಲ್ಲ. ಜ್ಯೂರಿಕ್‌ನಲ್ಲಿ ಕಚೇರಿ ಮುಗಿಸಿದವರು, ವಿದ್ಯಾರ್ಥಿಗಳು, ಮುದುಕರು ಎಲ್ಲರೂ ನೀರಿಗಿಳಿಯುತ್ತಾರೆ. ಹಾಗಾಗಿ ಒಂದೇ ಹಗಲಾದರೆ ನಾನು ಲ್ಯೂಸರ್ನನ್ನೇ ಆರಿಸುತ್ತೇನೆ, ಆದರೆ ರಾತ್ರಿ ಜ್ಯೂರಿಕ್‌ನಲ್ಲಿ ತಂಗಿ, ಬಸ್ಸುಗಳಿಗಿಂತ ಮೊದಲು ಸೇತುವೆ ತಲುಪುವ ರೈಲು ಹಿಡಿದು, ಸಂಜೆ ಏಳಕ್ಕೆಲ್ಲ ಜ್ಯೂರಿಕ್‌ಗೆ ಮರಳುತ್ತೇನೆ. ಜೂನಿನಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಲಿಮ್ಮಾಟ್ ದಂಡೆಯ ಓಬರರ್ ಲೆಟನ್ ಈಜುಘಟ್ಟಕ್ಕೆ ಶುಲ್ಕವಿಲ್ಲ, ಮೇಲ್ಗಡೆ ನೀರಿಗಿಳಿದವರನ್ನು ಹೊಳೆಯ ಸೆಳೆತವೇ ಕೆಳಗಿನ ಮೆಟ್ಟಿಲಿನವರೆಗೆ ತೇಲಿಸಿಕೊಂಡು ಹೋಗುತ್ತದೆ.