ಯಮಹಾ ಟಿಆರ್‌ಬಿಎಕ್ಸ್174 ಬೇಸ್ ಗಿಟಾರ್: ಮನೆ ಸ್ಟುಡಿಯೋದ ದೀರ್ಘಕಾಲದ ಬಳಕೆಯ ನಂತರ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರಿಗೆ ಒಂದೇ ಒಂದು ಬೇಸ್ ಗಿಟಾರ್ ಬೇಕು, ಕೈಯಲ್ಲಿರುವುದು ಇಪ್ಪತ್ತು ಸಾವಿರದ ಆಸುಪಾಸು ಅಂದರೆ ಟಿಆರ್‌ಬಿಎಕ್ಸ್174 ಧೈರ್ಯವಾಗಿ ತೆಗೆದುಕೊಳ್ಳಬಹುದು. ಆದರೆ ಡಬ್ಬಿಯಿಂದ ತೆಗೆದ ಹಾಗೇ ರೆಕಾರ್ಡಿಂಗ್‌ಗೆ ಕೂರಬೇಡಿ. ಹೊಸ ತಂತಿ ಹಾಕಿ, ಸೆಟಪ್ (ನೆಕ್‌ನ ಬಾಗು, ತಂತಿಯ ಎತ್ತರ, ಶ್ರುತಿಯ ಹೊಂದಾಣಿಕೆ) ಮಾಡಿಕೊಂಡ ಮೇಲೆಯೇ ಈ ವಾದ್ಯದ ನಿಜವಾದ ದನಿ ಹೊರಬರುವುದು. ಹಾಗಾಗಿ ಬಜೆಟ್ ಹಾಕುವಾಗಲೇ ಮೂರು-ನಾಲ್ಕು ಸಾವಿರ ಇದಕ್ಕೆಂದು ಬದಿಗಿಟ್ಟುಕೊಳ್ಳಿ. ದುಬಾರಿ ಬೇಸ್‌ಗೆ ಹಳೇ ತಂತಿ ಬಿಗಿದು ನುಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ತಂತಿಯ ಕಂಪಿಸುವ ಉದ್ದ), 24 ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ), ಬೋಲ್ಟ್ ಹಾಕಿ ಜೋಡಿಸಿದ ಮೇಪಲ್ ನೆಕ್. ಬ್ಯಾಟರಿ ಇಲ್ಲ, ಅಂದರೆ ಪೂರ್ತಿ ಪ್ಯಾಸಿವ್. ನಾಬ್‌ಗಳು ಮೂರೇ: ಎರಡು ಪಿಕಪ್‌ಗಳಿಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ-ಸುರುಳಿ) ಒಂದೊಂದು ವಾಲ್ಯೂಮ್, ಎರಡಕ್ಕೂ ಸೇರಿ ಒಂದು ಟೋನ್. ಇದನ್ನು ಕೊಳ್ಳಬೇಕಾದ ಕಾರಣ ಪಿಕಪ್‌ಗಳ ಜೋಡಿಯಲ್ಲಿದೆ. ನಡುವೆ ಇರುವುದು ಎರಡು ತುಂಡಾಗಿ ಸೀಳಿದ ಪಿ ಮಾದರಿ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಬಂದ ವಿನ್ಯಾಸ. ಬ್ರಿಡ್ಜ್ (ದೇಹದ ಮೇಲೆ ತಂತಿ ಕಟ್ಟುವ ಲೋಹದ ಭಾಗ) ಹತ್ತಿರ ಇರುವುದು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ, ಜೆ ಮಾದರಿ; ಅದೇ ಕಂಪನಿಯ 1960ರ ಜಾಝ್ ಬೇಸ್‌ನ ಬಳುವಳಿ. ದಶಕಗಳಿಂದ ನಾವು ಕೇಳುತ್ತ ಬಂದಿರುವ ಬೇಸ್ ದನಿಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದರಿಂದ ಬಂದವು. ಎರಡೂ ಒಂದೇ ಮರದ ಮೇಲೆ ಸಿಗುವಾಗ ಮನೆ ಸ್ಟುಡಿಯೋದವನಿಗೆ ಇನ್ನೇನು ಬೇಕು?

ಬಳಕೆಯಲ್ಲಿ ಸಿಗುವುದು ಹೀಗೆ. ಪಿ ಪೂರ್ತಿ ತೆರೆದು, ಜೆ ಮುಚ್ಚಿ, ಟೋನ್ ಅರ್ಧಕ್ಕಿಟ್ಟರೆ ದಪ್ಪ, ಒಂದೇ ಕಡೆ ಕೂರುವ ದನಿ. ಮಿಕ್ಸ್‌ನಲ್ಲಿ ಹೆಚ್ಚು ಕಾಟ ಕೊಡದಿರುವುದು ಇದೇ. ಏನು ಮಾಡಬೇಕೆಂದು ತೋಚದಾಗ ಇಲ್ಲಿಂದ ಶುರುಮಾಡಿ. ಜೆ ಮಾತ್ರ ತೆರೆದರೆ ದನಿ ತೆಳುವು, ಸ್ವಲ್ಪ ಮೂಗಿನದು. ಒಂಟಿಯಾಗಿ ಕೇಳಿದರೆ ಬೇಸರ ಬರುತ್ತದೆ, ಆದರೆ ವೇಗದ ಸಂಗತಿಗಳು ಸ್ಪಷ್ಟವಾಗಿ ಕೇಳುತ್ತವೆ. ಎರಡನ್ನೂ ಪೂರ್ತಿ ತೆರೆದಾಗ ಅನೇಕರು ಮೋಸಹೋಗುತ್ತಾರೆ. ಎರಡು ಪಿಕಪ್‌ಗಳು ತಂತಿಯ ಬೇರೆಬೇರೆ ಜಾಗದ ಕಂಪನವನ್ನು ಹಿಡಿಯುವುದರಿಂದ ನಡುವಿನ ಕಂಪನಾಂಕಗಳು ಪರಸ್ಪರ ಕಡಿದುಹೋಗುತ್ತವೆ. ಹೆಡ್‌ಫೋನಿನಲ್ಲಿ ಅದು ಸೊಗಸು. ಮೇಲೆ ಗಿಟಾರ್, ಕೀಬೋರ್ಡ್ ಬಂದ ಕೂಡಲೇ ಬೇಸ್ ಮಾಯ. ಜೆ ನಾಬನ್ನು 10ರಿಂದ 7ಕ್ಕೆ ಇಳಿಸಿ ನೋಡಿ, ನಡುದನಿ ವಾಪಸು ಬರುತ್ತದೆ. ನಾಬ್ ಸ್ವಲ್ಪವೇ ತಿರುಗಿದರೂ ಮೊದಲ ಒಂದೆರಡು ಅಂಕಗಳಲ್ಲಿ ವ್ಯತ್ಯಾಸ ದೊಡ್ಡದು, ಆದ್ದರಿಂದ ಟೇಕ್ ಚೆನ್ನಾಗಿ ಬಂದ ದಿನ ಮೂರೂ ನಾಬ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮರುದಿನ ಎರಡು ಸಾಲು ತಿದ್ದಬೇಕಾದಾಗ ಅದೇ ದನಿ ಬೇಕಾಗುತ್ತದೆ.

ಹಮ್, ಅಂದರೆ ವಿದ್ಯುತ್ತಿನ ಗುಂಯ್ ಸದ್ದಿನ ವಿಚಾರ. ಪಿ ಪಿಕಪ್‌ನ ಎರಡು ತುಂಡುಗಳು ಒಂದಕ್ಕೊಂದು ವಿರುದ್ಧವಾಗಿ ಸುತ್ತಿದವು, ಹಾಗಾಗಿ ಹೊರಗಿನ ಹಮ್ ತಾನಾಗಿ ರದ್ದಾಗುತ್ತದೆ. ಜೆಗೆ ಆ ಅನುಕೂಲ ಇಲ್ಲ. ಅದನ್ನು ತೆರೆದಷ್ಟೂ 50 ಹರ್ಟ್ಸ್‌ನ ಗುಂಯ್ ಸದ್ದು ಒಳಗೆ ಬರುತ್ತದೆ. ಇದು ವಾದ್ಯದ ದೋಷವಲ್ಲ, ಸಿಂಗಲ್ ಕಾಯಿಲ್‌ನ ಹುಟ್ಟುಗುಣ. ಪರಿಹಾರ ಬಹಳಷ್ಟು ಸಲ ಕೋಣೆಯಲ್ಲೇ ಇರುತ್ತದೆ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ಡಿಮ್ಮರ್ ದೀಪ ಆರಿಸಿ, ಕೂತ ಕುರ್ಚಿಯನ್ನು ನಿಧಾನಕ್ಕೆ ತಿರುಗಿಸುತ್ತ ಹಮ್ ಅತಿ ಕಡಿಮೆಯಾಗುವ ದಿಕ್ಕು ಹುಡುಕಿ. ತಂತಿ ಮುಟ್ಟಿದ ಕೂಡಲೇ ಸದ್ದು ಇಳಿದರೆ ಬ್ರಿಡ್ಜ್‌ನ ಗ್ರೌಂಡ್ ವೈರ್ ಸರಿಯಾಗಿದೆ ಎಂದರ್ಥ. ಮುಟ್ಟಿದರೂ ಏನೂ ಬದಲಾಗದಿದ್ದರೆ ಹಿಂದಿನ ಮುಚ್ಚಳ ತೆಗೆದು ಆ ವೈರಿನ ಬೆಸುಗೆ ನೋಡಿ. ಬಾಡಿಗೆ ಮನೆಗಳಲ್ಲಿ ಪ್ಲಗ್ಗಿಗೆ ಮೂರನೇ ತೂತು ಇದ್ದರೂ ಒಳಗೆ ಅರ್ಥಿಂಗ್ ಇರದಿರುವುದುಂಟು. ಎಲೆಕ್ಟ್ರಿಷಿಯನ್ ಕರೆದು ಪರೀಕ್ಷಿಸಿ. ಇದು ಸದ್ದಿನ ಮಾತಷ್ಟೇ ಅಲ್ಲ, ಕಬ್ಬಿಣದ ತಂತಿ ಕೈಯಲ್ಲಿರುತ್ತದೆ.

ಈಗ ತಂತಿ. ಈ ವರ್ಗದ ಯಾವ ಬೇಸ್‌ನಲ್ಲೂ ಕಾರ್ಖಾನೆಯ ತಂತಿಗಳು ಗೋದಾಮು, ಅಂಗಡಿ ಸುತ್ತಿ ಬರುವಷ್ಟರಲ್ಲಿ ಸತ್ತಿರುತ್ತವೆ. ಪಾಪ್, ರಾಕ್, ಸಿನಿಮಾ ಶೈಲಿಯ ಕುಣಿತದ ಹಾಡುಗಳಿಗೆ ನಿಕಲ್ ರೌಂಡ್‌ವೂಂಡ್ (ದುಂಡು ತಂತಿಯ ಹೊರಸುತ್ತು ಇರುವುದು) ಸಾಕು. ಡಾಡಾರಿಯೋ ಇಎಕ್ಸ್‌ಎಲ್170 ಸೆಟ್, 45ರಿಂದ 100 (ಇಂಚಿನ ಸಾವಿರದಲ್ಲೊಂದು ಅಂಶದ ಲೆಕ್ಕದಲ್ಲಿ ತಂತಿಯ ದಪ್ಪ), ಈ ನೆಕ್‌ಗೆ ಹದವಾಗಿ ಒಪ್ಪುತ್ತದೆ. ಭಾವಗೀತೆ, ಸುಗಮ ಸಂಗೀತ, ಹಳೇ ಸಿನಿಮಾ ಹಾಡಿನ ಛಾಯೆ ನಿಮ್ಮ ಮುಖ್ಯ ಕೆಲಸವಾದರೆ ಫ್ಲ್ಯಾಟ್‌ವೂಂಡ್‌ಗೆ (ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ) ಹೋಗಿ. ಅದೇ ಕಂಪನಿಯ ಕ್ರೋಮ್ಸ್ ಇಸಿಬಿ81 ಕೂಡ 45-100ರ ಅಳತೆಯೇ. ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬದಲಿಸಬೇಕಿಲ್ಲ. ಹಳತಾದಷ್ಟೂ ದನಿ ಮಾಗುತ್ತದೆ, ಬೆರಳು ಜಾರುವಾಗಿನ ಕಿರ್ ಸದ್ದು ಇಲ್ಲವೇ ಇಲ್ಲ ಅನ್ನಬಹುದು, ಫ್ರೆಟ್ಟೂ ಕಡಿಮೆ ಸವೆಯುತ್ತದೆ. ನಮ್ಮ ಗೀತೆಗಳಲ್ಲಿ ಬೇಸ್ ಜಾರುಗಳಿಗೆ ಲೆಕ್ಕವಿಲ್ಲ, ಅಲ್ಲಿ ಈ ತಂತಿಯ ಬೆಲೆ ತಿಳಿಯುತ್ತದೆ. ಒಂದು ಎಚ್ಚರಿಕೆ: ಅಳತೆ ಒಂದೇ ಇದ್ದರೂ ಕ್ರೋಮ್ಸ್ ಎಳೆತ ಹೆಚ್ಚು. ಹಾಕಿದ ಮೇಲೆ ನೆಕ್ ಮುಂದಕ್ಕೆ ಬಾಗುತ್ತದೆ, ಟ್ರಸ್ ರಾಡ್ (ಬಾಗು ಸರಿಪಡಿಸುವ, ನೆಕ್ ಒಳಗಿನ ಸರಳು) ತಿರುಗಿಸದೆ ಗತಿಯಿಲ್ಲ.

ತಂತಿ ಹಾಕುವಾಗ ಟ್ಯೂನಿಂಗ್ ಕಂಬದಿಂದ ಸುಮಾರು 10-12 ಸೆಂಟಿಮೀಟರ್ ಮುಂದಕ್ಕೆ ಬಿಟ್ಟು, ಮೊದಲು 90 ಡಿಗ್ರಿ ಮಡಿಸಿ, ಆಮೇಲೆ ಕತ್ತರಿಸಿ. ಮಡಿಸದೆ ಕತ್ತರಿಸಿದರೆ ಹೊರಸುತ್ತು ಬಿಚ್ಚಿಕೊಂಡು ತಂತಿ ಸಾಯುತ್ತದೆ, ಫ್ಲ್ಯಾಟ್‌ವೂಂಡ್‌ನಲ್ಲಂತೂ ಖಂಡಿತ. ಸುತ್ತು ಎರಡೋ ಮೂರೋ ಇರಲಿ, ಮೇಲಿನಿಂದ ಕೆಳಕ್ಕೆ. ಕೊನೆಗೆ ಸ್ಯಾಡಲ್‌ನ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಮುಂದೆ ಮತ್ತು ನಟ್‌ನ (ನೆಕ್ ತುದಿಯ ಗೀರುಪಟ್ಟಿ) ಮುಂದೆ ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ. ಹೊಸ ದಪ್ಪ ತಂತಿ ಅಲ್ಲಿ ಕಮಾನಿನಂತೆ ನಿಂತಿರುತ್ತದೆ. ಒತ್ತದಿದ್ದರೆ ಶ್ರುತಿಯೂ ನಿಲ್ಲದು, ಇಂಟೊನೇಷನ್ನೂ (ನೆಕ್ ಉದ್ದಕ್ಕೂ ಸ್ವರ ಸರಿಯಾಗಿ ಬರುವುದು) ಸಿಗದು.

ಸೆಟಪ್ ಮನೆಯಲ್ಲೇ ಮಾಡಬಹುದು. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ಮಿಲಿಮೀಟರ್ ಸ್ಕೇಲ್, ಸರಿಯಾಗಿ ಕೂರುವ ಅಲೆನ್ ಕೀ ಸಾಕು. ಅನುಕ್ರಮ ಮಾತ್ರ ತಪ್ಪಬಾರದು. ಮೊದಲು ಶ್ರುತಿ ಮಾಡಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವಿನ ಸಂದು ಅಳೆಯಿರಿ. 0.3 ಮಿಲಿಮೀಟರ್ ಹತ್ತಿರ ಇದ್ದರೆ ಹದ. ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಸಂದೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮೀರಬೇಡಿ, ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಿಗಿ ಮಾಡಲು ಬಲ ಹಾಕಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ ಗಿಟಾರ್ ರಿಪೇರಿಯವರ ಬಳಿ ಒಯ್ಯಿರಿ. ನಂತರವೇ ತಂತಿಯ ಎತ್ತರ: 17ನೇ ಫ್ರೆಟ್‌ನಲ್ಲಿ ಇ ತಂತಿ 2.4 ಮಿಲಿಮೀಟರ್, ಎಲ್ಲಕ್ಕಿಂತ ತೆಳುವಾದ ಜಿ ತಂತಿ 2 ಮಿಲಿಮೀಟರ್. ವೇದಿಕೆಯವರು ಇದಕ್ಕಿಂತ ತಗ್ಗಿಸುತ್ತಾರೆ. ರೆಕಾರ್ಡಿಂಗ್‌ನಲ್ಲಿ ಫ್ರೆಟ್‌ಗೆ ತಾಗುವ ಚಟಚಟ ಸದ್ದು ಕಂಪ್ರೆಸರ್ (ಜೋರು-ಮೆಲುವಿನ ವ್ಯತ್ಯಾಸ ತಗ್ಗಿಸುವ ಉಪಕರಣ) ಹಾಕಿದ ಮೇಲೆ ದುಪ್ಪಟ್ಟಾಗಿ ಕೇಳುತ್ತದೆ, ಸ್ವಲ್ಪ ಎತ್ತರವೇ ಇರಲಿ. ಕೊನೆಯದು ಇಂಟೊನೇಷನ್. 12ನೇ ಫ್ರೆಟ್‌ನ ಹಾರ್ಮೋನಿಕ್‌ಗೂ (ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರಕ್ಕೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೇ ತಂತಿಯ ಮೇಲೆ ಈ ಕೆಲಸ ಮಾಡಿದರೆ ದಂಡ.

ಪಿಕಪ್ ಎತ್ತರವನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಬೇಕು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಇ ತಂತಿಗೂ ಪಿ ಪಿಕಪ್‌ಗೂ 3 ಮಿಲಿಮೀಟರ್ ಅಂತರದಿಂದ ಶುರುಮಾಡಿ, ಜಿ ಕಡೆ ಸ್ವಲ್ಪ ಕಡಿಮೆ. ತೀರ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಮೇಲಿನ ಸ್ವರಗಳು ಅಲೆದಾಡುತ್ತವೆ. ನಾಲ್ಕೂ ತಂತಿಯನ್ನು ಒಂದೇ ಬಲದಲ್ಲಿ ನುಡಿಸಿ ಮೀಟರ್ ನೋಡಿ ಸರಿದೂಗಿಸಿ.

ಬೇಸನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಗುಂಡಿ ಒತ್ತಲೇಬೇಕು. ಆ ಇನ್‌ಪುಟ್ ಸುಮಾರು 1 ಮೆಗಾಓಮ್ ತಡೆ ಕೊಡುತ್ತದೆ, ಲೈನ್ ಇನ್‌ಪುಟ್ ಕೊಡುವುದು ಹತ್ತಾರು ಕಿಲೋಓಮ್ ಅಷ್ಟೆ. ಪ್ಯಾಸಿವ್ ಪಿಕಪ್ ಅಲ್ಲಿ ಉಸಿರುಗಟ್ಟಿ ಮೇಲಿನ ಹೊಳಪೆಲ್ಲ ಹೋಗುತ್ತದೆ. ‘ಈ ಬೇಸ್ ಮಂಕು’ ಎಂದು ದೂರುವವರಲ್ಲಿ ಎಷ್ಟೋ ಮಂದಿಯ ಗುಂಡಿ ಒತ್ತಿರುವುದಿಲ್ಲ. ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿರಲಿ. ಜೋರಾಗಿ ನುಡಿಸಿದ ಸ್ವರ ಮೈನಸ್ 8 ಡೆಸಿಬೆಲ್ ದಾಟದ ಹಾಗೆ ಗೇನ್. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡು) 128 ಸ್ಯಾಂಪಲ್ ಇಟ್ಟರೆ ಒಂದು ಕಡೆಯ ವಿಳಂಬ 2.7 ಮಿಲಿಸೆಕೆಂಡ್, ಹೋಗಿ ಬರುವಷ್ಟರಲ್ಲಿ ಇನ್ನೂ ಹೆಚ್ಚಾಗುತ್ತದೆ, ಕಂಪ್ಯೂಟರ್ ತಡಬಡಾಯಿಸಿದರೆ ಡೈರೆಕ್ಟ್ ಮಾನಿಟರ್ (ಇಂಟರ್‌ಫೇಸ್‌ನಿಂದಲೇ ನೇರವಾಗಿ ಕೇಳುವುದು) ಬಳಸಿ. ಕೇಬಲ್ ಮೂರು ಮೀಟರ್ ಇದ್ದರೆ ಧಾರಾಳ.

ನುಡಿಸದ ತಂತಿಗಳು ಅನುರಣಿಸುವುದು ಮನೆ ರೆಕಾರ್ಡಿಂಗ್‌ನ ದೊಡ್ಡ ಕೊಳೆ. ಬಲಗೈ ಹೆಬ್ಬೆರಳನ್ನು ನುಡಿಸುವ ತಂತಿಗಿಂತ ಮೇಲಿನದರ ಮೇಲೆ ಇಳಿಸುವ ಅಭ್ಯಾಸ ಬರುವವರೆಗೆ, ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಪಾತ್ರೆ ತಿಕ್ಕುವ ಸ್ಪಂಜಿನ ತುಂಡು ತುರುಕಿ. ಸ್ವರ ಬೇಗ ಆರುತ್ತದೆ, ಫ್ಲ್ಯಾಟ್‌ವೂಂಡ್ ಜೊತೆ ಸೇರಿದರೆ ಹಳೇ ರೆಕಾರ್ಡಿನ ದನಿಯೇ.

ಮಿಕ್ಸ್‌ನಲ್ಲಿ ತಬಲಾ ಅಥವಾ ಢೋಲಕ್ ಇದ್ದರೆ ಡಗ್ಗದ ಗುಮುಕಿಗೂ ಬೇಸ್‌ಗೂ ಜಾಗದ ಜಗಳ ಬರುತ್ತದೆ, ಹೆಚ್ಚಾಗಿ 80ರಿಂದ 120 ಹರ್ಟ್ಸ್ ನಡುವೆ. ಎರಡನ್ನೂ ಏರಿಸುವ ಬದಲು ಒಂದಕ್ಕೆ ಬಿಟ್ಟುಕೊಡಿ. ಗೀತೆ ತಬಲಾದ ಮೇಲೆ ನಿಂತಿದ್ದರೆ ಬೇಸ್‌ನಲ್ಲಿ ಆ ಭಾಗ 3 ಡೆಸಿಬೆಲ್ ಇಳಿಯಲಿ. 30 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಫಿಲ್ಟರ್ ಹಾಕಿ ಕತ್ತರಿಸಿ. ಕಂಪ್ರೆಸರ್ 4ಕ್ಕೆ 1, ಅಟ್ಯಾಕ್ (ಅದು ಹಿಡಿತಕ್ಕೆ ಬರುವ ಸಮಯ) 20-30 ಮಿಲಿಸೆಕೆಂಡ್, ಸೂಜಿ 4ರಿಂದ 6 ಡೆಸಿಬೆಲ್ ಇಳಿದರೆ ಸಾಕು. ಕೇಳುಗರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲು. ಅದರ ಸ್ಪೀಕರಿನಲ್ಲಿ ಬೇಸ್‌ನ ಮೂಲ ಕಂಪನ ಬರುವುದೇ ಇಲ್ಲ. 700ರಿಂದ 1000 ಹರ್ಟ್ಸ್ ಕಡೆ ಸ್ವಲ್ಪ ಏರಿಸಿ, ಲಘುವಾಗಿ ಸ್ಯಾಚುರೇಷನ್ (ದನಿಗೆ ಸಣ್ಣ ಒಡಕು) ಹಾಕಿದರೆ ಅಲ್ಲೂ ಸ್ವರ ಗುರುತಾಗುತ್ತದೆ. ಜೆ ಪಿಕಪ್ ಬೆರೆಸಿ ರೆಕಾರ್ಡ್ ಮಾಡಿದ್ದರೆ ಈ ಕೆಲಸ ಅರ್ಧ ಆಗಿರುತ್ತದೆ.

ನಾಲ್ಕು ತಂತಿ ಸಾಕೇ, ಐದು ಬೇಕೇ? ಇ ತಂತಿಯ ಮಂದ್ರ 41.2 ಹರ್ಟ್ಸ್. ಕಪ್ಪು ಎರಡು ಶ್ರುತಿಯ, ಅಂದರೆ ಡಿ ಶಾರ್ಪ್‌ನ ಹಾಡಿಗೆ ಷಡ್ಜ ಅದರ ಕೆಳಗೆ, 38.9ರಲ್ಲಿ ಬೀಳುತ್ತದೆ. ಎ ತಂತಿಯ ಆರನೇ ಫ್ರೆಟ್‌ನಲ್ಲಿ 77.8 ಹರ್ಟ್ಸ್‌ನ ಷಡ್ಜ ಇದ್ದೇ ಇದೆ, ಗಾಯಕರ ಜೊತೆ ಅದೇ ಚೆನ್ನಾಗಿ ಕೂರುತ್ತದೆ. ಕೆಳಗಿನದೇ ಬೇಕೆಂದರೆ ನಾಲ್ಕೂ ತಂತಿಯನ್ನು ಅರ್ಧ ಸ್ವರ ಇಳಿಸಿ. ಐದನೇ ತಂತಿಯ ಬಿ 30.9 ಹರ್ಟ್ಸ್, ಐದು ಇಂಚಿನ ಮಾನಿಟರ್‌ಗಳು ಅದನ್ನು ಕೇಳಿಸುವುದೇ ಇಲ್ಲ. ಕೇಳದೆ ಮಿಕ್ಸ್ ಮಾಡುವ ಸ್ವರಕ್ಕೆ ದುಡ್ಡು ಯಾಕೆ?

ದೀರ್ಘ ಬಳಕೆಯಲ್ಲಿ ಏನು ಸವೆಯುತ್ತದೆ ಅಂದರೆ, ಮೊದಲು ಜಾಕ್‌ನ ನಟ್ ಸಡಿಲವಾಗುತ್ತದೆ. ಹಾಗೆಯೇ ಬಿಟ್ಟರೆ ಒಳಗೆ ಜಾಕ್ ತಿರುಗಿ ವೈರ್ ತುಂಡಾಗುತ್ತದೆ. ಆಮೇಲೆ ನಾಬ್‌ಗಳು ಕರಕರ ಅನ್ನತೊಡಗುತ್ತವೆ. ಹಿಂದಿನ ಮುಚ್ಚಳ ತೆಗೆದು ನಾಬ್ ಕೆಳಗಿನ ಪಾಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹಾಕಿ ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿದರೆ ಸರಿಹೋಗುತ್ತದೆ. ಸ್ಟ್ರ್ಯಾಪ್ ಗುಂಡಿಯ ತಿರುಪು ಹಿಡಿಯದಿದ್ದರೆ ತೂತಿಗೆ ಬೆಂಕಿಕಡ್ಡಿ ಮತ್ತು ಮರದ ಅಂಟು. ರೌಂಡ್‌ವೂಂಡ್ ಬಳಸುವವರ ಮೊದಲ ಐದು ಫ್ರೆಟ್‌ಗಳಲ್ಲಿ ಗೆರೆ ಬೀಳುತ್ತದೆ, ಅದು ಎಲ್ಲ ಬೇಸ್‌ಗೂ ಬರುವ ಪಾಡು.

ಹವೆಯ ಪ್ರಭಾವ ಇದಕ್ಕಿಂತ ದೊಡ್ಡದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತಂತಿಗೆ ತುಕ್ಕು ಬೇಗ. ಚೀಲದಲ್ಲಿ ಸಿಲಿಕಾ ಜೆಲ್ ಇಡಿ, ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಮರ ಕುಗ್ಗಿ ಫ್ರೆಟ್ ತುದಿಗಳು ಕೈಗೆ ತಾಗಬಹುದು. ಋತು ಬದಲಾದಾಗಲೆಲ್ಲ ಆ 0.3 ಮಿಲಿಮೀಟರ್ ಅಳತೆ ಮತ್ತೆ ತೆಗೆಯಿರಿ. ಒಂದೊಂದು ನೆಕ್ ಒಂದೊಂದು ಕಡೆ ಬಾಗುತ್ತದೆ, ಊಹೆಯ ಮೇಲೆ ರಾಡ್ ತಿರುಗಿಸಬೇಡಿ.

ಬೇರೆ ಆಯ್ಕೆಗಳೂ ಇವೆ. ಕೋರ್ಟ್ ಆ್ಯಕ್ಷನ್ ಪಿಜೆ ಇದರ ನೇರ ಸ್ಪರ್ಧಿ. ಎರಡನ್ನೂ ಕೈಯಲ್ಲಿ ಹಿಡಿದು ನೆಕ್ ಯಾವುದು ಒಪ್ಪುತ್ತದೋ ಅದನ್ನು ಆರಿಸಿ. ಐಬನೆಜ್ ಜಿಎಸ್‌ಆರ್200ರಲ್ಲೂ ಪಿ-ಜೆ ಜೋಡಿಯೇ, ಜೊತೆಗೆ ತಗ್ಗು ಸ್ವರ ಹೆಚ್ಚಿಸುವ ಆಕ್ಟಿವ್ ನಾಬ್. ಕೇಬಲ್ ಚುಚ್ಚಿ ಬಿಟ್ಟರೆ 9 ವೋಲ್ಟ್ ಬ್ಯಾಟರಿ ಖಾಲಿ, ಆ ಕೆಲಸ ಪ್ಲಗಿನ್ ಮಾಡಿಕೊಡುವಾಗ ಮನೆಯಲ್ಲಿ ಅದರ ಅಗತ್ಯ ಕಾಣದು. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ) ಶೈಲಿಯೇ ನಿಮ್ಮ ಜೀವ ಎಂದರೆ ಯಮಹಾದ್ದೇ ಟಿಆರ್‌ಬಿಎಕ್ಸ್304 ನೋಡಿ. ಅದು ಆಕ್ಟಿವ್, ಬೆಲೆಯೂ ಮೇಲೆ. ಬೆರಳು ಗಿಡ್ಡವಿರುವವರು, ಮಕ್ಕಳು 28.6 ಇಂಚಿನ ಐಬನೆಜ್ ಮೈಕ್ರೋ ಹಿಡಿದು ನೋಡಲಿ. 34 ಇಂಚಿನಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಬೆರಳು ಚಾಚಬೇಕಾದದ್ದು ಸುಮಾರು 13 ಸೆಂಟಿಮೀಟರ್.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ನಾಲ್ಕೂ ತಂತಿಯ ಪ್ರತಿ ಫ್ರೆಟ್ ಒಂದೊಂದಾಗಿ ನುಡಿಸಿ. ಎಲ್ಲೆಡೆ ಚಟಚಟ ಬಂದರೆ ಸೆಟಪ್ ಸಮಸ್ಯೆ, ಸರಿಮಾಡಬಹುದು. ಒಂದೇ ಫ್ರೆಟ್‌ನಲ್ಲಿ ಬಂದರೆ ಆ ಫ್ರೆಟ್‌ನ ಮುಂದಿನದು ಎದ್ದಿದೆ, ಬೇರೆ ಪೀಸ್ ಕೇಳಿ. ನೆಕ್‌ನ ಅಂಚಿನುದ್ದಕ್ಕೂ ಕೈ ಸವರಿ, ಟ್ರಸ್ ರಾಡ್ ಎರಡೂ ಕಡೆ ಸಲೀಸಾಗಿ ತಿರುಗುತ್ತದೆಯೇ ಎಂದು ಅಂಗಡಿಯವರಿಂದಲೇ ತಿರುಗಿಸಿ ತೋರಿಸಲು ಹೇಳಿ. ಎರಡು ವಾಲ್ಯೂಮ್ ನಾಬ್‌ಗಳನ್ನು ಬೇರೆಬೇರೆಯಾಗಿ ತೆರೆದು ಎರಡು ಪಿಕಪ್‌ಗಳೂ ಕೆಲಸ ಮಾಡುತ್ತಿವೆಯೇ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.